ಕುದುರೆಗೆ ಹೇಳುವ ಮಾತು

ನಮ್ಮ ಭಾಷೆಗೆ ಅಕ್ಷರ ಬೇಕಾಗಿತ್ತು.
ಮುನಿವೆಂಕಟಪ್ಪ ಮೇಷ್ಟ್ರು ಒಂದು ದಿನ
ಬೋರ್ಡಿನ ಮೂಲೆಯಲ್ಲಿ ಱ ಬರೆದು, ಪಕ್ಕದಲ್ಲಿ ೞ ಬರೆದು
"ಇವೆರಡೂ ಕನ್ನಡದಲ್ಲಿದ್ದವು, ಈಗಿಲ್ಲ" ಅಂದು
ಡಸ್ಟರಿನಲ್ಲಿ ಒರೆಸಿಬಿಟ್ಟರು.
ಮುಬೀನಾ ನನ್ನ ಕಡೆ ನೋಡಿದಳು.
ಯಾರೋ ಬೀದಿಯಲ್ಲಿ ಬಿಟ್ಟುಹೋದ ನಾಯಿಮರಿಗಳ ಹಾಗೆ
ಅವೆರಡನ್ನೂ ಮನೆಗೆ ತಂದೆವು.

ಮನೆ ಅಂದರೆ ಅವರ ಫಿಲೇಚರಿನ ಹಿಂಭಾಗ.
ಶಿಡ್ಲಘಟ್ಟದಲ್ಲಿ ನೂರು ಕಡೆ ಇರುವಂಥದೇ ಜಾಗ:
ಸೌದೆ ರಾಶಿ, ಬೆಂದ ಹುಳುವಿನ ವಾಸನೆ,
ಗೋಡೆಗೆ ಒರಗಿಸಿಟ್ಟ ಮುರುಕು ಚಂದ್ರಿಕೆ.
ಅದರ ಸುತ್ತುಸುತ್ತಿನ ದಾರಿಯೇ ನಮ್ಮ ರಾಜ್ಯದ ನಕ್ಷೆ.
ಗೂಡಿನೊಳಗೆ ಬದುಕುವ ಜನ ಅಲ್ಲಿ;
ಅವರಿಗೆ ಕತ್ತಲೆಯ ಬಣ್ಣ ಬಿಳಿ.
ಹುಳುವಿಗೆ ನಾಲ್ಕು ಜ್ವರ, ಹಾಗಾಗಿ ವ್ಯಾಕರಣಕ್ಕೂ ನಾಲ್ಕು ಕಾಲ.
ನಾಲ್ಕನೇ ಜ್ವರ ಎದ್ದ ಮೇಲೆ ಯಾರೂ ಮಾತಾಡುವುದಿಲ್ಲ,
ನೂಲುತ್ತಾರೆ.

ಬೈಗುಳ ಮೊದಲು ಮಾಡಿದೆವು, ಆಮೇಲೆ ಊಟದ ಮಾತು.
ವಿದಾಯಕ್ಕೆ ಬಂದಾಗ ಮುಬೀನಾ ನಿಲ್ಲಲೇ ಇಲ್ಲ.
ಹೊಳೆ ದಾಟಿ ಹೋಗುವವರಿಗೆ ಒಂದು, ನಮ್ಮೂರಿಗೆ ಹೊಳೆಯೇ ಇಲ್ಲ.
ಸಿಟ್ಟಿನಲ್ಲಿ ಎದ್ದುಹೋಗುವವರಿಗೆ ಇನ್ನೊಂದು, ಅದು ಬರೀ ಕೆಮ್ಮು.
ರಾಣಿ ಸೇನಾಪತಿಗೆ ಹೇಳುವುದಂತೂ ಒಂದೂವರೆ ಸಾಲು,
ನಡುವೆ ಉಸಿರು ತೆಗೆದುಕೊಂಡರೆ ಯುದ್ಧ ಸೋತ ಹಾಗೆ.
ಗೂಡಿನ ಮಾರ್ಕೆಟ್ಟಿನ ಮುಂದೆ ನಿಲ್ಲುತ್ತಿದ್ದ ಜಟಕಾ ಕುದುರೆಗೂ ಒಂದು:
ೞುಱೇನ.
ಲಗಾಮು ಬಿಟ್ಟ ಮೇಲಷ್ಟೇ ಹೇಳಬೇಕು.
ನನಗೆ ೞ ಬರುತ್ತಿರಲಿಲ್ಲ. ನಾಲಿಗೆ ಮಡಚಿ ಮಡಚಿ ಜೊಲ್ಲು ಸುರಿಯುತ್ತಿತ್ತು.
ಅವಳಿಗೆ ಬರುತ್ತಿತ್ತು,
ವಾಣಿಯಂಬಾಡಿಯ ಅಜ್ಜಿ ಕೊಟ್ಟ ಆಸ್ತಿ ಅದು.

ಅವರು ರಾಮನಗರಕ್ಕೆ ಹೊರಟ ಬೆಳಗ್ಗೆ
ಟೆಂಪೋ ಮೇಲೆ ಬಾಣಲೆಗಳೆಲ್ಲ ಬೋರಲು,
ಇನ್ನೂರು ಪುಟದ ನೋಟ್‌ಬುಕ್ಕು ಅವಳ ತೊಡೆಯ ಮೇಲೆ.
ಹದಿನೇಳು ವಿದಾಯ ಇದ್ದವು ನಮ್ಮ ಹತ್ತಿರ.
ರಾಣಿಯದನ್ನು ನಾನು ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.
ಅವಳು ಎಲ್ಲರ ಹಾಗೆ
"ಬರ್ತೀನಿ ಕಣೇ" ಅಂದಳು.
ಅವರಪ್ಪ ನಮ್ಮಪ್ಪನಿಗೆ "ಜಾಕೆ ಆತೂಂ" ಅಂದ.
ಡ್ರೈವರು ಯಾರಿಗೋ "ಪೋಯೊಸ್ತಾ" ಅಂದು ಗೇರು ಹಾಕಿದ.
ಮೂರು ಭಾಷೆಯಲ್ಲೂ ಹೋಗುವವರು ಬರುವವರೇ.
ಇಷ್ಟು ವಿಚಿತ್ರದ್ದನ್ನು
ನಾವು ಕೂಡ ಕಟ್ಟಿರಲಿಲ್ಲ.

ಬರಲಿಲ್ಲ.

ಹೋದ ಆಷಾಢದಲ್ಲಿ ಗೊತ್ತಿಲ್ಲದ ನಂಬರು.
"ಆಂಟಿ, ನಾನು ಶಗುಫ್ತಾ, ಮುಬೀನಾ ಮಗಳು.
ಅಮ್ಮಿ ಪೆಟ್ಟಿಗೆಯಲ್ಲಿ ನಿಮ್ಮ ಹೆಸರು, ಬೀದಿ ಹೆಸರು ಇತ್ತು.
ಕೊನೇ ಎರಡು ದಿನ ಒಂದೇ ಮಾತು ಹೇಳ್ತಿದ್ರು.
ನರ್ಸು ಬಾಯಾರಿಕೆ ಅಂದ್ಕೊಂಡು ಚಮಚದಲ್ಲಿ ನೀರು ಬಿಟ್ರು.
ಮಾಮೂ ಅರಬ್ಬೀ ಇರಬೇಕು ಅಂದ್ರು, ಹಜರತ್ ಅಲ್ಲ ಅಂದ್ರು.
ನಾನು ಹೇಳಲಾ?"
ಹೇಳಿತು ಹುಡುಗಿ.
ೞ ತಪ್ಪಿತ್ತು, ಥೇಟ್ ನನ್ನ ಹಾಗೇ.

ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು.
ಸುಳ್ಳು ಹೇಳಬಹುದಿತ್ತು,
ಮಕ್ಕಳನ್ನು ಹರಸುವ ಮಾತದು ಎಂದು.
"ಅದು ಕುದುರೆಗೆ ಹೇಳೋದಮ್ಮ" ಅಂದೆ.
"ಹಿಂದೆ ತಿರುಗಿ ನೋಡಬೇಡ, ಮುಂದೆ ಹುಲ್ಲಿದೆ, ಅಂತ."
ಆ ಕಡೆ ಬಸ್ಸಿನ ಹಾರನ್ನು, ಮೂಗೆಳೆದುಕೊಂಡ ಸದ್ದು,
ಆಮೇಲೆ ನಗುವೋ ಏನೋ.
"ಕುದುರೆ ಯಾರು ಆಂಟಿ? ನಾನಾ?"
ಗೊತ್ತಿಲ್ಲ ಅಂದೆ.
ನಿಜಕ್ಕೂ ಗೊತ್ತಿರಲಿಲ್ಲ. ಲಗಾಮು ಯಾರ ಕೈಯಲ್ಲಿತ್ತೋ,
ಯಾರು ಬಿಟ್ಟರೋ.

ನೋಟ್‌ಬುಕ್ಕು ಎಲ್ಲಿದೆ ಎಂದು ಕೇಳಲು ಹೊರಟಿದ್ದೆ.
"ಸರಿ ಆಂಟಿ, ಇಡ್ತೀನಿ" ಅಂದಳು.
ಫೋನಿನಲ್ಲಿ ನಾವು ಯಾರೂ ಬರ್ತೀನಿ ಅನ್ನುವುದಿಲ್ಲ,
ಇಡ್ತೀನಿ.
"ಜೋಪಾನ" ಅಂದುಬಿಟ್ಟೆ.
ಅಷ್ಟರಲ್ಲಿ ಇಟ್ಟಾಗಿತ್ತು.